ಕರೆಂಟ್ ಇದ್ದ ದಿನದ ಮಾಲು

ಹೊಸೂರಿನ ಗಿರಾಕಿಯಿಂದ ಫ್ಯಾಕ್ಸ್ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಯುಗಾದಿ ಕಳೆದು ತಿಂಗಳಾಗಿರಬೇಕು. ಎರಡೇ ಸಾಲು: ನಿಮ್ಮ ಹೌಸಿಂಗಿನಲ್ಲಿ ಬೇರಿಂಗ್ ಕೂರುತ್ತಿಲ್ಲ, ನಮ್ಮ ಲೈನ್ ನಿಂತಿದೆ, ತಕ್ಷಣ ಯಾರನ್ನಾದರೂ ಕಳಿಸಿ. ಹತ್ತಕ್ಕೆ ಫ್ಯಾಕ್ಸ್ ಬಂತು, ಹತ್ತೂವರೆಗೆ ಮೀಟಿಂಗ್ ಕರೆದರು, ಹನ್ನೊಂದಕ್ಕೆಲ್ಲ ಏನು ಮಾಡಬೇಕೆಂದು ತೀರ್ಮಾನವೂ ಆಗಿಹೋಗಿತ್ತು. ಆ ಅರ್ಧ ಗಂಟೆಯ ಟಿಪ್ಪಣಿ ಬರೆದುಕೊಂಡವನು ನಾನು. ಕ್ವಾಲಿಟಿ ವಿಭಾಗಕ್ಕೆ ಆಗಷ್ಟೇ ಸೇರಿದ ಹುಡುಗ. ಮೀಟಿಂಗಿನಲ್ಲಿ ನನಗಿದ್ದದ್ದು ಬರೆಯುವ ಕೆಲಸ, ಬಾಯಿ ತೆರೆಯುವ ಕೆಲಸ ಇರಲಿಲ್ಲ.

1990ರ ದಶಕದ ಮೊದಲ ವರ್ಷಗಳ ಮಾತು ಇದು. ಪೀಣ್ಯಕ್ಕೆ ಮೆಟ್ರೊ ಬಂದದ್ದು 2014ರಲ್ಲಿ; ಆಗೆಲ್ಲ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ಧೂಳು ತುಳಿದುಕೊಂಡೇ ಒಳಗೆ ಹೋಗಬೇಕಿತ್ತು. ರಸ್ತೆಯ ಎರಡೂ ಕಡೆ ಶೀಟು ಹೊದಿಸಿದ ಶೆಡ್ಡುಗಳು. ಒಂದರಲ್ಲಿ ಪ್ಲೇಟಿಂಗ್, ಪಕ್ಕದಲ್ಲಿ ಸ್ಪ್ರಿಂಗ್ ಸುತ್ತುವವರು, ಎದುರಿಗೆ ಗಾರ್ಮೆಂಟ್ಸ್. ನಮ್ಮದು ಮಷಿನ್ ಶಾಪ್. ಎಷ್ಟೋ ವರ್ಷವಾಯಿತು, ಹೆಸರು ಬೇಡ. ಕರೆಂಟ್ ಎಂದರೆ ಕೆಇಬಿ, ಕೆಇಬಿ ಎಂದರೆ ಬಹುಪಾಲು ಶರಾವತಿಯ ನೀರು ಎನ್ನುವ ಕಾಲ. ಲಿಂಗನಮಕ್ಕಿಯಲ್ಲಿ ನೀರು ತಳ ಕಂಡರೆ ಪೀಣ್ಯದಲ್ಲಿ ಮೋಟಾರು ನಿಲ್ಲುತ್ತಿತ್ತು. ಬೇಸಿಗೆಯಲ್ಲಂತೂ ಕೆಲವು ದಿನ ಇಡೀ ಹಗಲು ಜನರೇಟರ್ ಮೇಲೆಯೇ ನಡೆಯುತ್ತಿತ್ತು.

ನಾವು ಮಾಡುತ್ತಿದ್ದದ್ದು ಅಲ್ಯೂಮಿನಿಯಂ ಹೌಸಿಂಗ್. ಎರಕದ ಮಾಲು ಹೊರಗಿನಿಂದ ಬರುತ್ತಿತ್ತು; ನಾವು ಅದರ ಮಧ್ಯದಲ್ಲಿ 100 ಮಿಲಿಮೀಟರ್ ಬೋರ್ ಹೊಡೆದು ಕಳಿಸಬೇಕು. ಆ ಬೋರಿನೊಳಗೆ ಗಿರಾಕಿ 6211 ನಂಬರಿನ ಬೇರಿಂಗ್ ಕೂರಿಸುತ್ತಿದ್ದ. ಡ್ರಾಯಿಂಗ್ ಪ್ರಕಾರ ಬೋರಿನ ಅಳತೆ 100.000ರಿಂದ 100.035ರ ಒಳಗಿರಬೇಕು; ಶಾಪಿನ ಭಾಷೆಯಲ್ಲಿ ಎಚ್7. ಅಂದರೆ 35 ಮೈಕ್ರಾನ್ ಜಾಗ, ತಲೆಗೂದಲಿನ ದಪ್ಪದ ಸುಮಾರು ಅರ್ಧ. ಅದಕ್ಕಿಂತ ದೊಡ್ಡದಾದರೆ ಬೇರಿಂಗ್ ಸಡಿಲ, ಚಿಕ್ಕದಾದರೆ ಕೂರುವುದೇ ಇಲ್ಲ. ನಮ್ಮ ಪೀಸುಗಳು ಚಿಕ್ಕವಾಗಿದ್ದವು.

ಮೀಟಿಂಗಿನಲ್ಲಿ ವರ್ಕ್ಸ್ ಮ್ಯಾನೇಜರು ಮೊದಲು ಮಾತಾಡಿದರು. ಕೆಲಸ ಬಲ್ಲ ಮನುಷ್ಯ, ಆ ಶೆಡ್ಡಿನಲ್ಲಿ ಅವರಷ್ಟು ದುಡಿದವರು ಇರಲಿಲ್ಲ. "ಸ್ಪಿಂಡಲ್ ಹೋಗಿದೆ, ಇನ್ನೇನು. ನಾನು ಹೋದ ವರ್ಷದಿಂದ ಹೇಳ್ತಾನೇ ಇದೀನಿ. ಈ ಹಳೇ ಬೋರಿಂಗ್ ಮಷಿನ್ ಇಟ್ಕೊಂಡು ಎಚ್7 ಹಿಡೀತೀವಿ ಅನ್ನೋದು ಆಗದ ಮಾತು." ಡ್ರಾಯರ್ ಎಳೆದು ಸಿಎನ್‌ಸಿ ಮಷಿನ್ನಿನ ಕೊಟೇಶನ್ ತೆಗೆದು ಮೇಜಿನ ಮೇಲಿಟ್ಟರು. ಇಪ್ಪತ್ತು ಲಕ್ಷದ ಮೇಲೆ. ಕಾಗದದ ಅಂಚು ಆಗಲೇ ಮುದುರಿತ್ತು. ಮೆಯಿಂಟೆನೆನ್ಸಿನವರು ತಲೆಯಾಡಿಸಿದರು, ಯಾಕೆಂದರೆ ಹಳೇ ಮಷಿನ್ನಿನ ಕಾಟ ಅವರಿಗೂ ಸಾಕಾಗಿತ್ತು. ಪ್ರೊಡಕ್ಷನ್ ಸೂಪರ್‌ವೈಸರ್ ತಲೆಯಾಡಿಸಿದರು, ಹೊಸ ಮಷಿನ್ ಯಾರಿಗೆ ಬೇಡ? ನನ್ನ ಮೇಲಿನವರು ತಲೆಯಾಡಿಸಿದರು, ಕ್ವಾಲಿಟಿಯ ಮೇಲೆ ಬರಬೇಕಿದ್ದ ಮಾತು ಮಷಿನ್ನಿನ ಮೇಲೆ ಹೋಯಿತಲ್ಲ ಎಂದು. ಒಬ್ಬೊಬ್ಬರದೂ ಒಂದೊಂದು ಕಾರಣ. ಒಂದೂ ಸುಳ್ಳು ಕಾರಣವಲ್ಲ. ಆದರೆ ಆ ಪೀಸುಗಳು ಯಾಕೆ ಚಿಕ್ಕವಾದವು ಎಂಬುದಕ್ಕೂ ಆ ತಲೆಯಾಟಕ್ಕೂ ಸಂಬಂಧವೇ ಇರಲಿಲ್ಲ. ಇದು ನನಗೆ ಆಮೇಲೆ, ಟಿಪ್ಪಣಿಯನ್ನು ಟೈಪಿಗೆ ಕೊಡುವಾಗ ಹೊಳೆದದ್ದು: ಅರ್ಧ ಗಂಟೆಯಲ್ಲಿ ಎಷ್ಟು ಪೀಸು ಕೆಟ್ಟಿವೆ, ಎಷ್ಟು ಚೆನ್ನಾಗಿವೆ ಎಂದು ಒಬ್ಬರೂ ಕೇಳಿರಲಿಲ್ಲ.

ಯಜಮಾನರು ಅಷ್ಟು ಹೊತ್ತೂ ಸುಮ್ಮನಿದ್ದರು. ತಿಪಟೂರಿನ ಕಡೆಯವರು, ಅವರ ತಂದೆಗೆ ಅಲ್ಲಿ ಕೊಬ್ಬರಿ ಮಂಡಿ ಇತ್ತು. "ಈ ಮಷಿನ್ ಬೇಡ ಅನ್ನೋರು ಯಾರಿದೀರಿ?" ಎಂದು ಕೇಳಿದರು. ಯಾರೂ ಇಲ್ಲ. "ಯಾರೂ ಇಲ್ವಾ? ಹಂಗಾದ್ರೆ ಶುಕ್ರವಾರ ಕೂತ್ಕೊಳ್ಳೋಣ" ಎಂದು ಎದ್ದೇಬಿಟ್ಟರು. ವರ್ಕ್ಸ್ ಮ್ಯಾನೇಜರಿಗೆ ಮುಖ ಕೆಂಪಾಯಿತು. ಗಿರಾಕಿಯ ಲೈನ್ ನಿಂತಿರುವಾಗ ಶುಕ್ರವಾರ ಎಂದರೆ ಏನರ್ಥ?

ಬಹಳ ವರ್ಷ ಕಳೆದ ಮೇಲೆ ಪೀಟರ್ ಡ್ರಕರ್ 1967ರಲ್ಲಿ ಬರೆದ "ದಿ ಎಫೆಕ್ಟಿವ್ ಎಕ್ಸಿಕ್ಯೂಟಿವ್" ಓದುವಾಗ ಇದೇ ಪ್ರಸಂಗ ಎದುರಾಗಿ ನಗು ಬಂತು. ಜನರಲ್ ಮೋಟರ್ಸಿನ ಆಲ್ಫ್ರೆಡ್ ಸ್ಲೋನ್ ಒಂದು ಸಭೆಯಲ್ಲಿ ಎಲ್ಲರೂ ಒಮ್ಮತದಿಂದಿದ್ದದ್ದನ್ನು ಕಂಡು, ಭಿನ್ನಾಭಿಪ್ರಾಯ ಹುಟ್ಟಲಿ ಎಂದೇ ವಿಷಯವನ್ನು ಮುಂದಿನ ಸಭೆಗೆ ಹಾಕಿದರಂತೆ. ನಮ್ಮ ಯಜಮಾನರು ಡ್ರಕರ್ ಓದಿದವರಲ್ಲ. ಒಮ್ಮೆ ಕೇಳಿದಾಗ ಹೇಳಿದ್ದರು: "ಮಂಡೀಲಿ ಎಲ್ರೂ ಕೊಬ್ಬರಿ ಏರತ್ತೆ ಅಂದ ದಿನ ನಮ್ಮಪ್ಪ ಒಂದು ಚೀಲಾನೂ ಕೊಳ್ತಿರಲಿಲ್ಲ. ಎಲ್ರಿಗೂ ಒಬ್ಬನೇ ಹೇಳಿರ್ತಾನೆ ಅನ್ನೋರು."

ಆದರೆ ಮುಂದಕ್ಕೆ ಹಾಕಿದ್ದು ಮಷಿನ್ನಿನ ತೀರ್ಮಾನವನ್ನು ಮಾತ್ರ. ಗಿರಾಕಿಯ ಲೈನ್ ಶುಕ್ರವಾರದ ತನಕ ಕಾಯುವುದಿಲ್ಲ ಎಂಬುದು ಅವರಿಗೂ ಗೊತ್ತು. ಹೊರಗೆ ಬಂದು ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ಎಂದರೆ ಪಾಠ ಹೇಳಿದವರಲ್ಲ. ಎಚ್‌ಎಂಟಿಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾಗಿ ನಮ್ಮಲ್ಲಿಗೆ ವಾರಕ್ಕೆ ಮೂರು ದಿನ ಬರುತ್ತಿದ್ದವರು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ 1953ರಲ್ಲಿ ಶುರುವಾದ ಆ ಕಾರ್ಖಾನೆ ಬೆಂಗಳೂರಿಗೆ ಮಷಿನ್ನುಗಳನ್ನು ಮಾತ್ರ ಕೊಡಲಿಲ್ಲ, ಇಂಥವರನ್ನೂ ಕೊಟ್ಟಿತು. ಪೀಣ್ಯದ ಯಾವ ಶೆಡ್ಡಿಗೆ ಹೋದರೂ ಅಲ್ಲಿ ಕಲಿತ ಒಬ್ಬರಾದರೂ ಸಿಗುತ್ತಿದ್ದರು.

ಮಧ್ಯಾಹ್ನವೇ ಮೆಟಡಾರಿನಲ್ಲಿ ಗೇಜು, ಮಾಸ್ಟರ್ ರಿಂಗು, ಸೀಮೆಸುಣ್ಣದ ಡಬ್ಬಿ ಹಾಕಿಕೊಂಡು ಹೊಸೂರಿಗೆ ಹೊರಟೆವು. ಅಲ್ಲಿನ ಸ್ಟೋರಿನಲ್ಲಿ ನಮ್ಮ ಟ್ರೇಗಳನ್ನು ಒಂದು ಮೂಲೆಗೆ ತಳ್ಳಿದ್ದರು. ಎಲ್ಲವನ್ನೂ ಅಳೆದು ಒಳ್ಳೆಯವನ್ನು ಬೇರೆ ಮಾಡಿಕೊಟ್ಟರೆ ರಾತ್ರಿ ಪಾಳಿಗೆ ಅವರ ಲೈನ್ ಓಡುತ್ತದೆ, ಅಷ್ಟು ಮೊದಲು ಮಾಡಿ ಎಂದರು ಮೇಷ್ಟ್ರು. ಕೆಟ್ಟದ್ದರ ಕಾರಣ ಹುಡುಕುವುದು ಆಮೇಲಿನ ಮಾತು; ಎರಡನ್ನೂ ಕಲಸಿಕೊಂಡರೆ ಎರಡೂ ಆಗುವುದಿಲ್ಲ ಎನ್ನುವುದು ಅವರ ರೀತಿ.

ಪ್ರತಿ ಟ್ರೇಗೂ ಒಂದು ರೂಟ್ ಕಾರ್ಡ್ ಇರುತ್ತಿತ್ತು, ದಾರ ಕಟ್ಟಿ ನೇತುಹಾಕಿದ ಹಳದಿ ರಟ್ಟು. ತಾರೀಖು, ಪಾಳಿ, ಮಷಿನ್ ಹುಡುಗನ ಸಹಿ, ಗೇಜು ಹಾಕಿದವರ ಸಹಿ. ನಾನು ಕೆಟ್ಟ ಪೀಸು ಸಿಕ್ಕಿದಾಗಲೆಲ್ಲ ಕಾರ್ಡಿನ ವಿವರ ಬರೆದುಕೊಳ್ಳುತ್ತಾ ಹೋದೆ. ಮೇಷ್ಟ್ರು ಹಿಂದಿನಿಂದ ಬಂದು ಪುಸ್ತಕ ನೋಡಿದರು. "ಒಳ್ಳೇವೆಲ್ಲಿ?" ಎಂದರು.

"ಒಳ್ಳೇವು ಸರಿಯಾಗಿದಾವಲ್ಲ ಸಾರ್, ಬರೆದು ಏನು ಮಾಡೋದು?"

"ಅಯ್ಯಾ, ಕೆಟ್ಟದ್ದು ಬರೀ ಕೆಟ್ಟಿದೀನಿ ಅಂತ ಹೇಳತ್ತೆ. ಯಾಕೆ ಅಂತ ಹೇಳೋದು ಒಳ್ಳೇದು. ಬರಿ."

ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಎಡಗಡೆ ಕೆಟ್ಟವು, ಬಲಗಡೆ ಒಳ್ಳೆಯವು, ಪೀಸು ಯಾವ ಕಡೆ ಹೋದರೂ ಕಾರ್ಡಿನ ತಾರೀಖು ಅದರ ಮೈಮೇಲೆ ಸೀಮೆಸುಣ್ಣದಲ್ಲಿ. ಸಂಜೆಯಾಗುವ ಹೊತ್ತಿಗೆ ಕಣ್ಣಿಗೇ ಕಾಣತೊಡಗಿತು. ಪೀಸುಗಳು ಬೆರೆತಿರಲಿಲ್ಲ. ಒಂದು ತಾರೀಖಿನವೆಲ್ಲ ಎಡಕ್ಕೆ, ಇನ್ನೊಂದು ತಾರೀಖಿನವೆಲ್ಲ ಬಲಕ್ಕೆ. ಯುಗಾದಿಗೆ ಮೊದಲಿನ ಒಂದೆರಡು ಟ್ರೇ ತಳದಲ್ಲಿ ಉಳಿದಿದ್ದವು, ಅವೆಲ್ಲ ಒಳ್ಳೆಯವೇ. ಇನ್ನೊಂದು ವಿಚಾರ: ಕೆಟ್ಟವೆಲ್ಲ ಚಿಕ್ಕವು. ದೊಡ್ಡದಾಗಿ ಕೆಟ್ಟ ಪೀಸು ಹುಡುಕಿದರೂ ಸಿಗಲಿಲ್ಲ. ಸವೆದ ಸ್ಪಿಂಡಲ್ ಹೀಗೆ ಮಾಡುವುದಿಲ್ಲ. ಅದು ಒಮ್ಮೆ ಆಚೆ, ಒಮ್ಮೆ ಈಚೆ ಎಳೆಯುತ್ತದೆ, ಬೋರನ್ನು ಕೋಳಿಮೊಟ್ಟೆ ಮಾಡುತ್ತದೆ. "ಸ್ಪಿಂಡಲ್‌ಗೆ ಕ್ಯಾಲೆಂಡರ್ ನೋಡೋಕೆ ಬರತ್ತೇನ್ರೀ?" ಎಂದರು ಮೇಷ್ಟ್ರು, ಯಾರಿಗೋ ಅಲ್ಲ, ತಮಗೇ.

ಮರುದಿನ ಆ ತಾರೀಖುಗಳ ಪಟ್ಟಿ ಹಿಡಿದು ನಾನು ಶೆಡ್ಡಿನಲ್ಲಿ ಸಿಕ್ಕ ಖಾತೆಯನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದೆ. ಹಾಜರಿ ಪುಸ್ತಕ: ಕೆಟ್ಟ ದಿನ ಒಬ್ಬನೇ ಹುಡುಗ ಇದ್ದನೇ? ಇಲ್ಲ. ಎರಕದ ಮಾಲಿನ ಲಾಟು? ಹೊಂದಲಿಲ್ಲ. ಟೂಲ್ ಬದಲಿಸಿದ ದಿನ? ಅದೂ ಇಲ್ಲ. ಕೊನೆಗೆ ಹೊಂದಿದ್ದು ಯಾವುದು ಗೊತ್ತೇ? ಸ್ಟೋರಿನಲ್ಲಿದ್ದ ಡೀಸೆಲ್ ಖಾತೆ. ಜನರೇಟರಿಗೆ ಎಷ್ಟು ಲೀಟರ್ ಕೊಟ್ಟೆವೆಂದು ಬರೆದಿಡುವ ಉದ್ದನೆಯ ಪುಸ್ತಕ. ಯುಗಾದಿ ಆದಮೇಲೆ ಡೀಸೆಲ್ ಹೆಚ್ಚು ಸುಟ್ಟ ದಿನದ ಮಾಲೆಲ್ಲ ಚೆನ್ನಾಗಿತ್ತು. ಕರೆಂಟ್ ಇದ್ದ ದಿನದ ಮಾಲು ಕೆಟ್ಟಿತ್ತು.

ನಾನು ಪಟ್ಟಿಯನ್ನು ತಿರುವುಮುರುವು ಮಾಡಿಕೊಂಡಿದ್ದೇನೆಂದು ವರ್ಕ್ಸ್ ಮ್ಯಾನೇಜರು ನಕ್ಕರು. ಕರೆಂಟ್ ಹೋದಾಗ ಕೆಲಸ ಕೆಡುತ್ತದೆ ಎಂಬುದು ಪೀಣ್ಯದಲ್ಲಿ ಎಳೆ ಮಗುವಿಗೂ ಗೊತ್ತಿದ್ದ ವಿಷಯ. ಮತ್ತೆ ಹೊಂದಿಸಿ ನೋಡಿದರು, ನಗು ನಿಂತಿತು.

ಒಂದು ಸುಳಿವು ಸಿಕ್ಕ ಕೂಡಲೇ ಜನ ಏನು ಮಾಡುತ್ತಾರೆಂದು ನಾನು ಆ ದಿನ ನೋಡಿದೆ. ಎಲೆಕ್ಟ್ರಿಷಿಯನ್ ಹೇಳಿದ, ಕೆಇಬಿ ಲೈನಿನಲ್ಲಿ ವೋಲ್ಟೇಜ್ ಏರಿಳಿಯುತ್ತದೆ, ಜನರೇಟರಿನಲ್ಲಿ ನೆಟ್ಟಗಿರುತ್ತದೆ. ಸ್ಪಿಂಡಲಿನ ವೇಗ ಬದಲಾಗಿ ಬೋರ್ ಬದಲಾಗುತ್ತದೆ, ಒಂದು ಸ್ಟೆಬಿಲೈಸರ್ ಹಾಕಿಸಿ. ಕೇಳಿದರೆ ಯಾರಿಗಾದರೂ ಸರಿ ಎನಿಸುವ ಮಾತು. ಸೂಪರ್‌ವೈಸರ್ ಆಗಲೇ ಸ್ಟೆಬಿಲೈಸರಿನ ಬೆಲೆ ಕೇಳಲು ಫೋನ್ ಎತ್ತಿಕೊಂಡರು. ಒಂದು ವಸ್ತು ಕೊಳ್ಳುವುದರಿಂದ ಇನ್ನೊಂದು ವಸ್ತು ಕೊಳ್ಳುವುದಕ್ಕೆ ಜಾರಿದೆವು, ಅಷ್ಟೇ. ಯುಗಾದಿಗೆ ಮೊದಲೂ ಅದೇ ಕೆಇಬಿ ಲೈನು ಇತ್ತಲ್ಲ, ಆಗ ಯಾಕೆ ಕೆಡಲಿಲ್ಲ ಎಂದು ಮೇಷ್ಟ್ರು ಕೇಳಿದ ಮೇಲೆ ಫೋನ್ ಕೆಳಗಿಟ್ಟರು.

ಜಪಾನಿನ ಟೊಯೋಟ ಕಾರ್ಖಾನೆಯಲ್ಲಿ ತೈಯಿಚಿ ಓನೊ ರೂಢಿಗೆ ತಂದ ಐದು ಸಲ "ಯಾಕೆ" ಕೇಳುವ ಪದ್ಧತಿ ಆಗ ಎಲ್ಲ ಸೆಮಿನಾರುಗಳಲ್ಲೂ ಓಡಾಡುತ್ತಿತ್ತು. ಹೈದರಾಬಾದಿನ ಬಿಎಚ್‌ಇಎಲ್ ಘಟಕದಲ್ಲಿ 1980ರಲ್ಲಿ ಶುರುವಾದ ಕ್ವಾಲಿಟಿ ಸರ್ಕಲ್ ನಮ್ಮ ಶೆಡ್ಡಿನವರೆಗೂ ಬಂದಿತ್ತು. ನಮ್ಮಲ್ಲಿ ಅದರಿಂದ ಬಿಸ್ಕೆಟ್ ಖರ್ಚಾಗಿದ್ದೇ ಹೆಚ್ಚು. ಓನೊ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನಾವು ಕೇಳುವ ರೀತಿಯಲ್ಲಿ ಮೊದಲನೆಯ "ಯಾಕೆ"ಗೆ ಬರುವ ಉತ್ತರವೇ ಊಹೆ. ಮಿಕ್ಕ ನಾಲ್ಕೂ ಆ ಊಹೆಗೆ ಕೊಟ್ಟ ವಿವರಣೆಗಳಾಗುತ್ತವೆ, ಪ್ರತಿಯೊಂದೂ ಹಿಂದಿನದಕ್ಕಿಂತ ಗಟ್ಟಿಯಾಗಿ ಕೇಳಿಸುತ್ತದೆ. ಓನೊ ತಮ್ಮ ಜನರನ್ನು ಶಾಪಿನ ನೆಲದ ಮೇಲೆ ನಿಲ್ಲಿಸಿ ನೋಡುವಂತೆ ಮಾಡುತ್ತಿದ್ದರು ಎನ್ನುವ ಭಾಗವನ್ನು ಸೆಮಿನಾರಿನವರು ಬಿಟ್ಟುಬಿಡುತ್ತಿದ್ದರು.

ಮೇಷ್ಟ್ರು ಬೇರೆ ಎರಡು ಪ್ರಶ್ನೆ ಕೇಳಿದರು. ಜನರೇಟರ್ ಓಡುವಾಗ ಶೆಡ್ಡಿನಲ್ಲಿ ಏನೇನು ಓಡುವುದಿಲ್ಲ? ಯುಗಾದಿಯಲ್ಲಿ ಏನು ಬದಲಾಯಿತು?

ಮೊದಲನೆಯದಕ್ಕೆ ಎಲೆಕ್ಟ್ರಿಷಿಯನ್ ಬೆರಳು ಮಡಿಸಿದ. ಆಫೀಸಿನ ಏಸಿ, ಹಿಂದಿನ ಗ್ರೈಂಡರ್, ವಾಷಿಂಗ್ ಟ್ಯಾಂಕಿನ ಹೀಟರು. ನಮ್ಮದು 62.5 ಕೆವಿಎ ಜನರೇಟರ್, ಇವನ್ನೆಲ್ಲ ಎಳೆಯುತ್ತಿರಲಿಲ್ಲ. ಬೋರ್ ಹೊಡೆದ ಪೀಸಿಗೆ ಅಂಟಿದ ಎಣ್ಣೆ, ಚೂರು ಹೋಗಲೆಂದು ಅದನ್ನು ಬಿಸಿನೀರಿನ ಟ್ಯಾಂಕಿನಲ್ಲಿ ತೊಳೆಯುತ್ತಿದ್ದೆವು, ಸುಮಾರು 60 ಡಿಗ್ರಿ. ಕರೆಂಟ್ ಇಲ್ಲದ ದಿನ ಹೀಟರ್ ಇಲ್ಲ. ಹುಡುಗರು ಬೇಸಿನ್ನಿನಲ್ಲಿ ಸೀಮೆಎಣ್ಣೆ ಹಾಕಿಕೊಂಡು ಬ್ರಷ್ಷಿನಲ್ಲಿ ತಿಕ್ಕಿ ತೊಳೆಯುತ್ತಿದ್ದರು.

ಎರಡನೆಯ ಪ್ರಶ್ನೆಗೆ ಉತ್ತರ ಬರಲು ಸ್ವಲ್ಪ ಹೊತ್ತಾಯಿತು. ಕೊನೆಗೆ ಹೇಳಿದವರು ವರ್ಕ್ಸ್ ಮ್ಯಾನೇಜರೇ. ಯುಗಾದಿ ರಜೆಯಲ್ಲಿ ಅವರು ಶೆಡ್ಡಿನ ಲೇಔಟ್ ಬದಲಿಸಿದ್ದರು. ಮೊದಲು ಗೇಜಿನ ಮೇಜು ಶೆಡ್ಡಿನ ಆಚೆ ತುದಿಯಲ್ಲಿತ್ತು. ತೊಳೆದ ಪೀಸು ಟ್ರೇ ತುಂಬುವವರೆಗೆ ಕಾದು, ಆಮೇಲೆ ತಳ್ಳುಗಾಡಿಯಲ್ಲಿ ಅಲ್ಲಿಗೆ ಹೋಗಿ, ಅಲ್ಲೂ ಒಂದಿಷ್ಟು ಹೊತ್ತು ಕಾದು ಅಳತೆಗೆ ಬರುತ್ತಿತ್ತು. ಆ ಕಾಯುವಿಕೆಯನ್ನೆಲ್ಲ ತೆಗೆದು ಮೇಜನ್ನು ಟ್ಯಾಂಕಿನ ಪಕ್ಕಕ್ಕೇ ತಂದಿದ್ದರು. ಒಳ್ಳೆಯ ಕೆಲಸ. ಓಡಾಟ ತಪ್ಪಿತು, ಜಾಗ ಉಳಿಯಿತು, ನಡುವೆ ಬೀಳುತ್ತಿದ್ದ ಮಾಲಿನ ರಾಶಿ ಕರಗಿತು. ಯಜಮಾನರು ಶಹಬ್ಬಾಸ್ ಎಂದಿದ್ದರು. ಆ ಕಾಯುವ ಹೊತ್ತು ಯಾವುದೋ ಕೆಲಸ ಮಾಡುತ್ತಿತ್ತು ಎಂದು ಯಾರಿಗೂ ತೋಚಿರಲಿಲ್ಲ.

ಆಗ ಮಷಿನ್ ಮೇಲಿದ್ದ ಹಾಸನದ ಕಡೆಯ ಹುಡುಗ ಜೇಬಿನಿಂದ ಒಂದು ಚಿಕ್ಕ ಪುಸ್ತಕ ತೆಗೆದ. ಎಣ್ಣೆ ಕುಡಿದು ಹಾಳೆಗಳು ಪಾರದರ್ಶಕವಾಗಿದ್ದವು. ಟೂಲನ್ನು ಎಷ್ಟು ಒಳಗೆ, ಎಷ್ಟು ಹೊರಗೆ ಸರಿಸಿದೆ ಎಂದು ತನ್ನ ಅನುಕೂಲಕ್ಕೆ ಬರೆದುಕೊಳ್ಳುತ್ತಿದ್ದವನು. ಸಾಲು ಸಾಲಾಗಿ ಹೀಗೆ: ಕರೆಂಟ್ ಬಂತು, ಬೋರ್ ದೊಡ್ಡದು ಅಂದ್ರು, ಟೂಲ್ ಒಳಕ್ಕೆ. ಕರೆಂಟ್ ಹೋಯ್ತು, ಬೋರ್ ಚಿಕ್ಕದು ಅಂದ್ರು, ಟೂಲ್ ಹೊರಕ್ಕೆ. ಸೋಮವಾರದ ಮೀಟಿಂಗಿಗೆ ಬೇಕಾಗಿದ್ದ ಉತ್ತರವೆಲ್ಲ ಆ ಜೇಬಿನಲ್ಲಿತ್ತು. "ಯಾಕಯ್ಯಾ ಹೇಳಲಿಲ್ಲ?" ಎಂದು ಸೂಪರ್‌ವೈಸರ್ ರೇಗಿದರು. "ಯಾರೂ ಕೇಳ್ಲಿಲ್ವಲ್ಲ ಸಾರ್. ಮಷಿನ್ ಹಳೇದು, ಹಂಗೇ ಮಾಡತ್ತೆ ಅಂತ ನೀವೇ ಹೇಳ್ತಿದ್ರಿ."

ಲೋಹ ಬಿಸಿಯಾದರೆ ಹಿಗ್ಗುತ್ತದೆ ಎಂದು ಎಂಟನೇ ಕ್ಲಾಸಿನಲ್ಲಿ ಓದಿದವರೇ ಎಲ್ಲರೂ. ಎಷ್ಟು ಹಿಗ್ಗುತ್ತದೆ ಎಂದು ಲೆಕ್ಕ ಹಾಕಿದವರಿರಲಿಲ್ಲ. ಅಲ್ಯೂಮಿನಿಯಂ ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಉಕ್ಕು ಅದರ ಅರ್ಧದಷ್ಟು. ನಮ್ಮ 100 ಮಿಲಿಮೀಟರ್ ಬೋರ್ 15 ಡಿಗ್ರಿ ಬಿಸಿಯಾದರೆ 34.5 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಡ್ರಾಯಿಂಗ್ ನಮಗೆ ಕೊಟ್ಟಿದ್ದ ಒಟ್ಟು ಜಾಗವೇ 35. ಪ್ರಪಂಚದ ಅಳತೆಗಳೆಲ್ಲ 20 ಡಿಗ್ರಿಯಲ್ಲಿ ಎಂದು 1931ರಲ್ಲೇ ಅಂತರರಾಷ್ಟ್ರೀಯ ಒಪ್ಪಂದವಾಗಿತ್ತು, ಮೇಷ್ಟ್ರು ಆಯುಷ್ಯವೆಲ್ಲ ಕಳೆದದ್ದು ಅಂಥ ತಂಪು ಕೋಣೆಯಲ್ಲಿ. ಶೀಟಿನ ಶೆಡ್ಡಿಗೆ ಆ ಒಪ್ಪಂದ ಯಾರು ತಿಳಿಸಿದ್ದರು?

ಲೆಕ್ಕ ಹೊಂದಿದ ಮಾತ್ರಕ್ಕೆ ಮೇಷ್ಟ್ರು ಒಪ್ಪಲಿಲ್ಲ. ಟ್ಯಾಂಕಿನಿಂದ ಬಂದ ಒಂದು ಪೀಸನ್ನು ಗಾಳಿ ಹೊಡೆದು ಒರೆಸಿ, ಎರಕದ ಕಬ್ಬಿಣದ ಸರ್ಫೇಸ್ ಪ್ಲೇಟಿನ ಮೇಲಿಡಿಸಿದರು. ಡಯಲ್ ಬೋರ್ ಗೇಜನ್ನು ಉಕ್ಕಿನ ಮಾಸ್ಟರ್ ರಿಂಗಿನಲ್ಲಿ ಸೊನ್ನೆಗೆ ಹೊಂದಿಸಿ ಪೀಸಿನೊಳಗೆ ಇಳಿಸಿ, ಕೈ ಅಲುಗಿಸಿ ಮುಳ್ಳು ತಿರುಗುವ ಜಾಗ ಹಿಡಿದರು: ಸೊನ್ನೆಯ ಮೇಲೆ 22. ಪಾಸಾದ ಪೀಸು. ಎಲ್ಲರೂ ಸುತ್ತ ನಿಂತೆವು. ಹತ್ತು ನಿಮಿಷ ಬಿಟ್ಟು ಮತ್ತೆ ಇಳಿಸಿದರೆ 9. ಟೀ ಬಂತು, ಲೋಟ ಕೈಯಲ್ಲಿ ಹಿಡಿದೇ ಕಾದೆವು. ಸೊನ್ನೆ ದಾಟಿ ಕೆಳಗಿಳಿಯಿತು. ಕೊನೆಗೆ ಮುಳ್ಳು ನಿಂತದ್ದು ಸೊನ್ನೆಗಿಂತ 11 ಕೆಳಗೆ. ಅದೇ ಪೀಸು, ಅದೇ ಗೇಜು, ಅದೇ ಕೈ. ನಮ್ಮ ಮೇಜಿನಲ್ಲಿ ಪಾಸಾಗಿ ಹೊಸೂರಿನಲ್ಲಿ ಫೇಲಾಗುವ ಪೀಸು ನಮ್ಮ ಕಣ್ಣೆದುರೇ ತಯಾರಾಯಿತು. ಪೀಸು ಬಿಸಿಯಲ್ಲಿ ದೊಡ್ಡದಾಗಿ ಕಂಡಿತೆಂದು ಗೇಜಿನವರು ಕೂಗಿದ್ದರು, ಹುಡುಗ ಟೂಲ್ ಒಳಕ್ಕೆ ತಂದಿದ್ದ, ಬೋರ್ ನಿಜವಾಗಿಯೂ ಚಿಕ್ಕದಾಗಿತ್ತು.

ಅಷ್ಟಕ್ಕೂ ಬಿಡಲಿಲ್ಲ. "ಈಗ ಬೇಕಂತ ಕೆಡಿಸಿ ತೋರಿಸಿ" ಎಂದರು. ಬಿಸಿಯಲ್ಲಿ ಅಳೆದು ಟೂಲ್ ಹೊಂದಿಸಿ ಒಂದಷ್ಟು, ತಣ್ಣಗಾದ ಮೇಲೆ ಅಳೆದು ಹೊಂದಿಸಿ ಒಂದಷ್ಟು ಪೀಸು ಹೊಡೆಸಿ ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ಅಳೆಸಿದರು. ಮೊದಲ ರಾಶಿ ಪೂರ್ತಿ ಚಿಕ್ಕದು, ಎರಡನೆಯದು ಒಂದನ್ನು ಬಿಟ್ಟು ಎಲ್ಲ ಸರಿ. ನನ್ನ ಪ್ರಕಾರ ಆ ಇಡೀ ವಾರದ ಮುಖ್ಯ ಕೆಲಸ ಇದೇ. ತೊಂದರೆ ತಾನಾಗಿ ಹೋದರೆ ಅದನ್ನು ಬಗೆಹರಿಸಿದೆವೆಂದು ಹೇಳಿಕೊಳ್ಳುವ ಮ್ಯಾನೇಜರುಗಳನ್ನು ಆಮೇಲೆ ಬಹಳ ಕಂಡಿದ್ದೇನೆ. ಬೇಕೆಂದಾಗ ಬರಿಸಿ ಬೇಡವೆಂದಾಗ ನಿಲ್ಲಿಸಿ ತೋರಿಸುವವರು ಅಪರೂಪ.

ಇದಕ್ಕೆಲ್ಲ ಶಾಸ್ತ್ರ ಇದೆ ಎಂದು ನನಗೆ ತಿಳಿದದ್ದು ಕಬ್ಬನ್ ಪಾರ್ಕಿನ ಲೈಬ್ರರಿಯಲ್ಲಿ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ವಾಯುಪಡೆಗಾಗಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕೆಪ್ನರ್, ಬೆಂಜಮಿನ್ ಟ್ರೆಗೊ ಎಂಬಿಬ್ಬರು, ಅಧಿಕಾರಿಗಳು ಹೇಗೆ ತೀರ್ಮಾನ ಮಾಡುತ್ತಾರೆಂದು ಗಮನಿಸಿ, 1958ರಲ್ಲಿ ತಮ್ಮದೇ ಕಂಪನಿ ಕಟ್ಟಿ, 1965ರಲ್ಲಿ "ದಿ ರ‍್ಯಾಷನಲ್ ಮ್ಯಾನೇಜರ್" ಎಂಬ ಪುಸ್ತಕ ಬರೆದರು. ತೊಂದರೆ ಏನು, ಏನಲ್ಲ, ಎಲ್ಲಿದೆ, ಎಲ್ಲಿಲ್ಲ, ಯಾವಾಗ ಇದೆ, ಯಾವಾಗ ಇಲ್ಲ. ಎರಡು ಕಾಲಂ ಹಾಕಿ ಬರೆಯಿರಿ, ಎರಡರ ನಡುವಿನ ವ್ಯತ್ಯಾಸದಲ್ಲಿ ಏನು ಬದಲಾಯಿತೆಂದು ಹುಡುಕಿ ಎನ್ನುತ್ತದೆ ಪುಸ್ತಕ. ಓದುತ್ತಾ ಓದುತ್ತಾ ನನಗೆ ಕಂಡದ್ದು ಹೊಸೂರಿನ ಸ್ಟೋರಿನ ನೆಲದ ಸೀಮೆಸುಣ್ಣದ ಗೆರೆ. ಪುಸ್ತಕ ಚೆನ್ನಾಗಿದೆ. ಅದರ ಫಾರಂಗಳು ಮಾತ್ರ ಆಫೀಸುಗಳಲ್ಲಿ ಬೇಗ ಭರ್ತಿಯಾಗಿ ಬೇಗ ಫೈಲು ಸೇರುತ್ತವೆ, ಎಡಗಡೆ ಕಾಲಂ ತುಂಬಿರುತ್ತದೆ, ಬಲಗಡೆಯದು ಖಾಲಿ.

ಶುಕ್ರವಾರ ಮತ್ತೆ ಕೂತಾಗ ಮೀಟಿಂಗಿನ ಬಣ್ಣವೇ ಬೇರೆ. ಗೇಜು ಹಾಕುತ್ತಿದ್ದ ಅಕ್ಕನನ್ನೂ ಮಷಿನ್ ಹುಡುಗನನ್ನೂ ಯಜಮಾನರು ಕರೆಸಿ ಕೂರಿಸಿದ್ದರು. ವರ್ಕ್ಸ್ ಮ್ಯಾನೇಜರು ಮೊದಲು ಮಾತಾಡಲಿಲ್ಲ. ಯಜಮಾನರು ಅವರಿಗೆ ಮೊದಲೇ ಹೇಳಿದ್ದರೆಂದು ನನ್ನ ಅನುಮಾನ. ಟ್ಯಾಂಕಿನ ಹೀಟರ್ ಆರಿಸಿಬಿಡೋಣ ಎಂದು ಒಬ್ಬರು. ಎಣ್ಣೆ ಹೋಗುವುದಿಲ್ಲ, ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತೊಳೆದರೆ ಬೆಂಕಿಯ ಭಯ. ಮೇಜನ್ನು ಹಳೆಯ ಜಾಗಕ್ಕೆ ಒಯ್ಯೋಣ ಎಂದು ಇನ್ನೊಬ್ಬರು. ಮತ್ತೆ ಅದೇ ರಾಶಿ, ಅದೇ ಓಡಾಟ. ಫ್ಯಾನ್ ಹಾಕಿದ ಒಂದು ರ‍್ಯಾಕಿನಲ್ಲಿ ಪೀಸು ಆರಲಿ ಎಂದು ವರ್ಕ್ಸ್ ಮ್ಯಾನೇಜರೇ ಸೂಚಿಸಿದರು. ಮೇಷ್ಟ್ರು ಅದಕ್ಕೊಂದು ಸೇರಿಸಿದರು: ಉಕ್ಕಿನ ರಿಂಗಿನ ಜೊತೆಗೆ, ತಂಪು ಕೋಣೆಯಲ್ಲಿ ಸರಿಯಾಗಿ ಅಳೆದಿಟ್ಟ ಒಂದು ಅಲ್ಯೂಮಿನಿಯಂ ಪೀಸನ್ನೇ ಮಾಸ್ಟರ್ ಮಾಡಿ, ಅದನ್ನೂ ಅದೇ ರ‍್ಯಾಕಿನಲ್ಲಿಡಿ. ಶೆಡ್ಡು ಎಷ್ಟೇ ಕಾದರೂ ಎರಡೂ ಒಟ್ಟಿಗೆ ಹಿಗ್ಗಲಿ, ಒಟ್ಟಿಗೆ ಕುಗ್ಗಲಿ.

"ರ‍್ಯಾಕ್ ಎಲ್ಲಿಡೋಣ?" ಎಂದಾಗ ಎಲ್ಲರೂ ಲೇಔಟ್ ಚಿತ್ರದಲ್ಲಿ ಖಾಲಿ ಚೌಕ ಹುಡುಕುತ್ತಿದ್ದರು. ಅಕ್ಕ ಅಲ್ಲಿಯವರೆಗೂ ಸೆರಗಿನ ತುದಿ ಸುತ್ತುತ್ತಾ ಕೂತಿದ್ದವರು, "ಅಲ್ಲಿ ಬೇಡಿ ಸಾರ್, ಮಧ್ಯಾಹ್ನ ಎರಡು ಗಂಟೆಗೆ ಶೀಟು ಕಾದು ಆ ಮೂಲೇಲಿ ನಿಲ್ಲೋಕಾಗಲ್ಲ. ಡ್ರಮ್ಮಿನ ಪಕ್ಕ ಇಡಿ, ಅಲ್ಲಿ ಬಿಸಿಲು ಬರಲ್ಲ" ಎಂದರು. ಚಿತ್ರದಲ್ಲಿ ಡ್ರಮ್ಮೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಯಜಮಾನರು ಕೊನೆಯದಾಗಿ ಕೇಳಿದ್ದು: ಇದು ಯಾವ ದಿನ ಕೆಡತ್ತೆ? ತಿಂಗಳ ಕೊನೆ ದಿನ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಡಿಸ್ಪ್ಯಾಚಿನ ಅವಸರದಲ್ಲಿ ಯಾರಾದರೂ ರ‍್ಯಾಕನ್ನು ಹಾರಿಸಿ ನೇರ ಮೇಜಿಗೆ ತಂದೇ ತರುತ್ತಾರೆ. ಅದಕ್ಕೆಂದು ಅಕ್ಕನಿಗೆ ಒಂದು ಅಧಿಕಾರ ಕೊಟ್ಟರು: ಕೈಗೆ ಬೆಚ್ಚಗೆ ಹತ್ತಿದ ಪೀಸಿಗೆ ಗೇಜು ಹಾಕುವುದಿಲ್ಲ, ಯಾರು ಹೇಳಿದರೂ ಸರಿ. ಆ ತಿಂಗಳ ಮೂವತ್ತಕ್ಕೇ ಅದು ಪರೀಕ್ಷೆಗೆ ಬಂತು. ಲಾರಿ ಗೇಟಿನಲ್ಲಿ ನಿಂತು ಹಾರ್ನ್ ಹೊಡೆಯುತ್ತಿದೆ, ಸೂಪರ್‌ವೈಸರ್ ತಾವೇ ಟ್ರೇ ಹೊತ್ತು ತಂದಿದ್ದಾರೆ. ಅಕ್ಕ ಒಂದು ಪೀಸನ್ನು ಅಂಗೈ ಹಿಂಭಾಗಕ್ಕೆ ತಾಗಿಸಿ ನೋಡಿ ಅದೇ ಟ್ರೇಯಲ್ಲಿ ವಾಪಸ್ಸಿಟ್ಟರು. "ನೀವು ಟೀ ಕುಡಿದು ಬನ್ನಿ ಸಾರ್." ಸೂಪರ್‌ವೈಸರ್ ಯಜಮಾನರ ಕೋಣೆಗೆ ಹೋದರು, ಅಲ್ಲಿಂದ ಟೀ ಕುಡಿಯಲು ಹೋದರು.

ಹಾಗಾದರೆ ಸ್ಪಿಂಡಲ್ ಚೆನ್ನಾಗಿತ್ತೇ ಎಂದು ಈ ಕಥೆ ಕೇಳಿದ ಹುಡುಗರು ಪ್ರತಿಸಲ ಕೇಳುತ್ತಾರೆ. ಇಲ್ಲ. ತಣ್ಣಗೆ ಅಳೆದ ರಾಶಿಯಲ್ಲೂ ಒಂದು ಪೀಸು ಕೆಟ್ಟಿತ್ತಲ್ಲ, ಅದು ಸ್ಪಿಂಡಲಿನದೇ. ವರ್ಕ್ಸ್ ಮ್ಯಾನೇಜರು ಹೇಳಿದ್ದರಲ್ಲಿ ನಿಜ ಇತ್ತು. ಆದರೆ ಆ ಸೋಮವಾರದ ತೊಂದರೆಗೆ ಅದು ಉತ್ತರವಾಗಿರಲಿಲ್ಲ. ಅಂದೇ ಸಿಎನ್‌ಸಿ ಕೊಂಡಿದ್ದರೆ ಇಪ್ಪತ್ತು ಲಕ್ಷದ ಮಷಿನ್ನಿನಲ್ಲಿ ಅಚ್ಚುಕಟ್ಟಾಗಿ, ಒಂದರಂತೆ ಇನ್ನೊಂದು, ಚಿಕ್ಕ ಬೋರ್ ಹೊಡೆಯುತ್ತಿದ್ದೆವು. ಮುಂದಿನ ವರ್ಷ ಆರ್ಡರ್ ಹೆಚ್ಚಾದಾಗ ಆ ಮಷಿನ್ನಿನ ವಿಷಯ ಮತ್ತೆ ಬಂತು. ಈ ಸಲ ಕಾರಣ ಬೇರೆ: ಹಳೆಯದರಲ್ಲಿ ಅಷ್ಟು ಮಾಲು ತೆಗೆಯಲಾಗದು. ಲೆಕ್ಕವೆಲ್ಲ ಸರಿಯಾಗಿತ್ತು. ಯಜಮಾನರು ಅಭ್ಯಾಸದಂತೆ, "ಬೇಡ ಅನ್ನೋರು ಯಾರಿದೀರಿ?" ಎಂದರು.

ಎಲೆಕ್ಟ್ರಿಷಿಯನ್ ಕೈ ಎತ್ತಿದ. "ಮಷಿನ್ ಬೇಡ ಅಂತಲ್ಲ ಸಾರ್. ನಮ್ಮ ಜನರೇಟರ್ ಅದನ್ನ ಎಳೆಯಲ್ಲ."

ಯಜಮಾನರು ವರ್ಕ್ಸ್ ಮ್ಯಾನೇಜರ ಮುಖ ನೋಡಿದರು, ಅವರು ಎಲೆಕ್ಟ್ರಿಷಿಯನ್ ಮುಖ ನೋಡಿ, ಎಷ್ಟು ಕೆವಿಎ ಬೇಕು ಎಂದು ಬರೆದುಕೊಡಲು ಹೇಳಿದರು. ಆ ವರ್ಷ ಮೊದಲು ಬಂದದ್ದು ಜನರೇಟರ್. ಮಷಿನ್ ಬಂದದ್ದು ದೀಪಾವಳಿ ಕಳೆದ ಮೇಲೆ.